ಜೀಪು ಎತ್ತರಿಸುವವರು ಅಳತೆಯನ್ನೂ ಬರೆದುಕೊಡಲಿ

ಮಾನ್ಯ ಸಂಪಾದಕರೇ,

ಎತ್ತರಿಸಿದ ಥಾರ್, ಜಿಮ್ನಿ, ಗೂರ್ಖಾ, ಹಳೇ ಜಿಪ್ಸಿಗಳು ಬೆಂಗಳೂರಿನ ರಸ್ತೆಗಳಲ್ಲಿ ಈಗ ಮಾಮೂಲಿ ನೋಟ. ವಾರಾಂತ್ಯಕ್ಕೆ ಸಕಲೇಶಪುರದ ಕಡೆಗೋ ಕೊಡಗಿನ ಎಸ್ಟೇಟ್ ದಾರಿಗಳಿಗೋ ಹೊರಡುವವರು ಅದಕ್ಕೂ ಮೊದಲು ‘ಎರಡಿಂಚು ಲಿಫ್ಟ್’ ಮಾಡಿಸಿಕೊಳ್ಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಊರಿನ ಹಲವು ಗ್ಯಾರೇಜುಗಳಲ್ಲಿ ಈ ಕೆಲಸ ಅರ್ಧಕ್ಕೇ ನಿಲ್ಲುತ್ತಿದೆ. ಬೆಳಿಗ್ಗೆ ಬಿಟ್ಟ ಗಾಡಿ ಸಂಜೆಗೆ ಎತ್ತರವಾಗಿ ಹೊರಬರುತ್ತದೆ. ಸ್ಪ್ರಿಂಗ್ ಹೊಸದು, ಶಾಕ್ ಅಬ್ಸಾರ್ಬರ್ ಹೊಸದು. ಬ್ರೇಕ್ ಹೋಸ್ ಎಷ್ಟು ಬಿಗಿಯಾಯಿತು, ಕ್ಯಾಸ್ಟರ್ (ಸ್ಟೀರಿಂಗ್‌ಗೆ ಚಕ್ರ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಕೋನ) ಎಷ್ಟು ಹೋಯಿತು, ಶಾಕ್ ಪೂರ್ತಿ ಒತ್ತಿಕೊಂಡಾಗ ಮೊದಲು ತಾಗುವುದು ರಬ್ಬರೋ ಕಬ್ಬಿಣವೋ ಎಂಬುದನ್ನು ಮಾತ್ರ ಯಾರೂ ಅಳೆದಿರುವುದಿಲ್ಲ. ಅಳೆದರೂ ಬರೆದುಕೊಡುವವರು ಇನ್ನೂ ಕಡಿಮೆ. ಬಿಟ್ಟುಹೋಗುವ ಆ ಅರ್ಧ ಕೆಲಸ ಏನೆಂದು ದುಡ್ಡು ಕೊಡುವ ಮಾಲೀಕರಿಗೂ ತಿಳಿದಿರಲಿ ಎಂದು ಈ ಪತ್ರ ಬರೆಯುತ್ತಿದ್ದೇವೆ.

ಲಿಫ್ಟ್ ಮಾಡಿಸಿದರೆ ಏನು ಸಿಗುತ್ತದೆ ಎಂಬುದರಲ್ಲೇ ಗೊಂದಲವಿದೆ. ಜಿಮ್ನಿ, ಜಿಪ್ಸಿಗಳಲ್ಲಿ ಮುಂದೆಯೂ ಹಿಂದೆಯೂ ಎಡ-ಬಲ ಚಕ್ರಗಳನ್ನು ಜೋಡಿಸುವ ಇಡೀ ಹೌಸಿಂಗ್ (ಆಕ್ಸಲ್‌ನ ಕಬ್ಬಿಣದ ಕವಚ) ಇರುತ್ತದೆ. ಸ್ಪ್ರಿಂಗ್ ಬದಲಿಸಿದರೆ ಏರುವುದು ಚಾಸಿ ಮತ್ತು ಬಾಡಿ. ಹೌಸಿಂಗಿನ ನಡುವಿನ ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರಿನ ಉಬ್ಬು) ಮೊದಲು ಎಷ್ಟು ಎತ್ತರದಲ್ಲಿತ್ತೋ ಅಷ್ಟರಲ್ಲೇ ಉಳಿಯುತ್ತದೆ. ಹೊಟ್ಟೆಯೂ ಬಂಪರೂ ನೆಲಕ್ಕೆ ತಾಗುವುದು ಕಡಿಮೆಯಾಗುತ್ತದೆ, ದೊಡ್ಡ ಟೈರಿಗೆ ಜಾಗ ಸಿಗುತ್ತದೆ, ಅಷ್ಟೇ. ಡಿಫರೆನ್ಷಿಯಲ್ ಕೆಳಗೆ ಕಲ್ಲು ತಾಗಬಾರದು ಎಂದರೆ ಟೈರ್ ದೊಡ್ಡದಾಗಬೇಕು, ಅದರಲ್ಲೂ ವ್ಯಾಸ ಹೆಚ್ಚಿದ್ದರ ಅರ್ಧ ಮಾತ್ರ ಸಿಗುತ್ತದೆ. ಜಿಮ್ನಿಗೆ ಕಂಪನಿಯಿಂದ ಬರುವ 195/80 ಆರ್15 ಟೈರಿನ ವ್ಯಾಸ ಲೆಕ್ಕದಲ್ಲಿ 693 ಮಿ.ಮೀ.; 235/75 ಆರ್15 ಹಾಕಿದರೆ ಸುಮಾರು 733. ನಲವತ್ತು ಹೆಚ್ಚಾಯಿತು, ಹೌಸಿಂಗ್ ಏರಿದ್ದು ಇಪ್ಪತ್ತು. ಆ ಟೈರಿನಲ್ಲಿ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ಮೊದಲು ಓಡುತ್ತಿದ್ದುದಕ್ಕಿಂತ ಸುಮಾರು ಶೇ 6ರಷ್ಟು ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ತಿಂಗಳಿಗೊಮ್ಮೆ ಮಣ್ಣುದಾರಿ ಹಿಡಿಯುವವರಿಗೆ ನಮ್ಮ ಅಭಿಪ್ರಾಯದಲ್ಲಿ 40–50 ಮಿ.ಮೀ. ಲಿಫ್ಟ್ ಧಾರಾಳ. ಅದನ್ನು ದಾಟಿದರೆ ಪ್ರತಿ ಅಂಗುಲಕ್ಕೂ ಸರಿಪಡಿಸಬೇಕಾದ ಭಾಗಗಳು ಹೆಚ್ಚುತ್ತಾ ಹೋಗುತ್ತವೆ, ಗಾಡಿಯ ಭಾರದ ಕೇಂದ್ರವೂ ಮೇಲೇರಿ ತಿರುವಿನಲ್ಲಿ ವಾಲುವುದು ಜಾಸ್ತಿಯಾಗುತ್ತದೆ.

ಸ್ಪ್ರಿಂಗ್ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಎತ್ತರದ್ದಲ್ಲ, ತೂಕದ್ದು. ಗಾಡಿಯ ಮೇಲೆ ಸದಾ ಇರುವ ಹೆಚ್ಚುವರಿ ಭಾರ ಎಷ್ಟು? ಮುಂದೆ ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಹಗ್ಗದ ಯಂತ್ರ) ಇದೆಯೇ, ಮೇಲೆ ಕ್ಯಾರಿಯರ್ ಇದೆಯೇ, ಹಿಂದೆ ಡಬ್ಬಿ-ಡೀಸೆಲ್ ಕ್ಯಾನ್ ಹೊರುತ್ತೀರಾ? ಮಿ.ಮೀ.ಗೆ 2 ಕೆ.ಜಿ. ಗಡಸಿನ ಸ್ಪ್ರಿಂಗ್ ಮೇಲೆ ಹೆಚ್ಚಿಗೆ 50 ಕೆ.ಜಿ. ಬಿದ್ದರೆ ಅದು 25 ಮಿ.ಮೀ. ಕೂರುತ್ತದೆ. ಅಂದರೆ 50 ಎಂದು ಮಾರಿದ ಲಿಫ್ಟ್‌ನಲ್ಲಿ ಅರ್ಧ ಅಲ್ಲೇ ಹೋಯಿತು. ಇದರ ಉಲ್ಟಾ ಇನ್ನೂ ಸಾಮಾನ್ಯ: ವಿಂಚ್ ಹೊರುವುದಕ್ಕೆಂದು ಮಾಡಿದ ಗಡಸು ಸ್ಪ್ರಿಂಗನ್ನು ಖಾಲಿ ಗಾಡಿಗೆ ಹಾಕುವುದು. ಅಂಥ ಗಾಡಿ ಹೇಳಿದ್ದಕ್ಕಿಂತ ಎತ್ತರ ನಿಲ್ಲುತ್ತದೆ, ಬಡಾವಣೆಯ ಹಂಪ್‌ಗಳ ಮೇಲೆ ಪುಟಿಯುತ್ತದೆ, ಕಾಡುದಾರಿಯಲ್ಲಿ ಚಕ್ರ ಹಳ್ಳಕ್ಕೆ ಇಳಿಯದೆ ಗಾಳಿಯಲ್ಲೇ ತೂಗುತ್ತದೆ. ಹಳೆಯ ಶಾಕನ್ನೇ ಉಳಿಸಿಕೊಂಡು ಸ್ಪ್ರಿಂಗ್ ಮಾತ್ರ ಗಡಸು ಮಾಡಿದರೆ ಪುಟಿತ ಇನ್ನೂ ಹೆಚ್ಚು. ಸ್ಪ್ರಿಂಗ್ ವಾಪಸ್ ಚಿಮ್ಮುವ ಬಲವನ್ನು ಹಿಡಿದು ನಿಲ್ಲಿಸಲು ಆ ಶಾಕ್‌ನ ಒಳಗಿನ ವಾಲ್ವ್ ಸಾಲುವುದಿಲ್ಲ.

ಇನ್ನು ಶಾಕ್ ಅಬ್ಸಾರ್ಬರ್‌ನ ಉದ್ದ. ಅತಿ ಹೆಚ್ಚು ಹಾನಿಯಾಗುವುದು ಇಲ್ಲೇ, ಅತಿ ಕಡಿಮೆ ಗಮನ ಸಿಗುವುದೂ ಇಲ್ಲೇ. 50 ಮಿ.ಮೀ. ಎತ್ತರದ ಸ್ಪ್ರಿಂಗ್ ಹಾಕಿ ಹಳೆಯ ಅಳತೆಯ ಶಾಕನ್ನೇ ಬಿಟ್ಟರೆ, ಗಾಡಿ ಸುಮ್ಮನೆ ನಿಂತಿರುವಾಗಲೇ ಶಾಕ್ ಸುಮಾರು 50 ಮಿ.ಮೀ. ಚಾಚಿಕೊಂಡಿರುತ್ತದೆ. ಚಕ್ರ ಕೆಳಗಿಳಿಯಲು ಉಳಿದ ಜಾಗ ಅಷ್ಟಕ್ಕಷ್ಟೇ. ಹಂಪ್ ದಾಟಿ ಇಳಿಯುವಾಗ ಕೇಳುವ ‘ಢಬ್’ ಸದ್ದು ಪಿಸ್ಟನ್ ಮೇಲಿನ ತುದಿಗೆ ಹೊಡೆಯುವುದು. ಅದು ಹಾಗೇ ಮುಂದುವರಿದರೆ ರಾಡ್‌ನ ಸೀಲ್ ಹೋಗುತ್ತದೆ, ಶಾಕ್ ತುದಿಯ ಕಣ್ಣಿನ (ಬೋಲ್ಟ್ ಹಾಯುವ ಬಳೆಯ) ಬೆಸುಗೆ ಬಿರಿಯುತ್ತದೆ. ಉದ್ದದ ಶಾಕ್ ಹಾಕಿದರೆ ಬೇರೆ ಅಪಾಯ. ಅದು ಪೂರ್ತಿ ಮುಚ್ಚಿದಾಗಿನ ಅಳತೆಯೂ ಹೆಚ್ಚಿರುವುದರಿಂದ ಬಂಪ್ ಸ್ಟಾಪ್ (ಚಕ್ರ ಮೇಲೇರುವುದನ್ನು ಕೊನೆಯಲ್ಲಿ ತಡೆಯುವ) ರಬ್ಬರ್ ತಾಗುವ ಮೊದಲೇ ಶಾಕ್ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿಯಬಹುದು. ಆಗ ರಾಡ್ ಬಾಗುತ್ತದೆ, ಇಲ್ಲವೇ ಚಾಸಿಯ ಮೇಲಿನ ಮೌಂಟ್ ಕಿತ್ತು ಬರುತ್ತದೆ.

ಇದನ್ನು ಊಹಿಸುವ ಅಗತ್ಯವೇ ಇಲ್ಲ, ಅಳೆಯಬಹುದು. ಸ್ಪ್ರಿಂಗ್ ತೆಗೆದಿಟ್ಟು, ಚಾಸಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಜಾಕಿಯಿಂದ ಹೌಸಿಂಗನ್ನು ಬಂಪ್ ಸ್ಟಾಪ್ ಚೆನ್ನಾಗಿ ಒತ್ತಿಕೊಳ್ಳುವವರೆಗೆ ಎತ್ತಿ. ಶಾಕ್‌ನ ಮೇಲಿನ ಮೌಂಟಿನಿಂದ ಕೆಳಗಿನದಕ್ಕೆ ಇರುವ ದೂರವೇ ನಿಮಗೆ ಸಿಗುವ ಅತಿ ಕಡಿಮೆ ಜಾಗ. ಹೊಸ ಶಾಕ್ ಮುಚ್ಚಿದಾಗಿನ ಉದ್ದ ಅದಕ್ಕಿಂತ 10–15 ಮಿ.ಮೀ. ಆದರೂ ಕಡಿಮೆ ಇರಬೇಕು. ಇಲ್ಲವಾದರೆ ಬಂಪ್ ಸ್ಟಾಪ್ ಕೆಳಗೆ, ಕೊರತೆ ಬಿದ್ದಷ್ಟೇ ದಪ್ಪದ ಸ್ಪೇಸರ್ (ನಡುವೆ ಇಡುವ ಬಿಲ್ಲೆ) ಬೇಕು. ಆಮೇಲೆ ಒಂದು ಕಡೆ ಮೇಲಕ್ಕೆತ್ತಿ ಇನ್ನೊಂದು ಕಡೆ ಇಳಿಸಿ ಮತ್ತೆ ನೋಡಬೇಕು, ಏಕೆಂದರೆ ಹೌಸಿಂಗ್ ಓರೆಯಾದಾಗ ಟೈರ್ ಮಡ್‌ಗಾರ್ಡಿಗೆ ತಾಗುವ ಜಾಗವೂ ಶಾಕ್ ಬ್ರಾಕೆಟ್ಟಿಗೆ ಉಜ್ಜುವ ಜಾಗವೂ ಬೇರೆಯೇ ಇರುತ್ತದೆ. ಈ ಪರೀಕ್ಷೆಗೆ ಬೇಕಾದದ್ದು ಒಂದು ಜಾಕಿ, ಒಂದು ಟೇಪು, ಸ್ವಲ್ಪ ತಾಳ್ಮೆ.

ಜೋಡಣೆಯ ಕ್ರಮವನ್ನು ಜಿಮ್ನಿಯಂಥ ಗಾಡಿಯನ್ನು ಮುಂದಿಟ್ಟುಕೊಂಡು ಹೇಳುತ್ತೇವೆ. ಗಾಡಿ ಸಮತಟ್ಟಾದ ನೆಲದಲ್ಲಿರುವಾಗಲೇ ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿಗೆ ಎಷ್ಟಿದೆ ಎಂದು ಬರೆದಿಟ್ಟುಕೊಳ್ಳಬೇಕು. ನೆಲದಿಂದ ಅಳೆದರೆ ಟೈರಿನ ಗಾಳಿಯೂ ಲೆಕ್ಕಕ್ಕೆ ಬಂದು ಮೋಸವಾಗುತ್ತದೆ. ಕರಾವಳಿ ಓಡಾಟದ ಗಾಡಿಯಾದರೆ ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಬೇಕು. ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಹೌಸಿಂಗಿಗೆ ಜಾಕಿ ಕೊಟ್ಟು, ಆಮೇಲಷ್ಟೇ ಶಾಕ್ ಬಿಚ್ಚಬೇಕು. ಸ್ಟೆಬಿಲೈಸರ್ ಬಾರ್‌ನ (ತಿರುವಿನಲ್ಲಿ ವಾಲುವುದನ್ನು ತಡೆಯುವ ಕಂಬಿಯ) ಲಿಂಕ್, ಬ್ರೇಕ್ ಹೋಸ್ ಹಾಗೂ ಎಬಿಎಸ್ ವೈರಿನ ಕ್ಲಿಪ್‌ಗಳು, ಪ್ಯಾನ್‌ಹಾರ್ಡ್ ರಾಡ್‌ನ (ಹೌಸಿಂಗ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಅಡ್ಡಕಂಬಿಯ) ಒಂದು ತುದಿ ಬಿಡಿಸಿದ ಮೇಲೆ ಹೌಸಿಂಗನ್ನು ಮೆಲ್ಲಗೆ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ. ಹೌಸಿಂಗ್ ಒಂದು ಕ್ಷಣವೂ ಬ್ರೇಕ್ ಹೋಸಿನ ಮೇಲೆ ತೂಗಬಾರದು. ಹೊರಗೆ ಏನೂ ಕಾಣದೆ ಒಳಗಿನ ಪದರ ಹರಿದಿರುತ್ತದೆ. ಹೊಸ ಸ್ಪ್ರಿಂಗಿನ ತುದಿ ಕೆಳಗಿನ ತಟ್ಟೆಯ ತಡೆಗೆ ಸರಿಯಾಗಿ ಕೂತಿದೆಯೇ, ಮೇಲಿನ ರಬ್ಬರ್ ಮಡಿಚಿಕೊಂಡಿದೆಯೇ ಎಂದು ಟಾರ್ಚ್ ಬಿಟ್ಟು ನೋಡಬೇಕು. ಕೆಲವು ಕಿಟ್‌ಗಳಲ್ಲಿ ಎಡ-ಬಲದ ಸ್ಪ್ರಿಂಗ್ ಬೇರೆಬೇರೆ ಇರುತ್ತವೆ. ಚೀಟಿ ನೋಡದೆ ಅದಲುಬದಲು ಮಾಡಿದರೆ ಗಾಡಿ ಒಂದು ಕಡೆ ವಾಲಿ ನಿಲ್ಲುತ್ತದೆ.

ಟ್ವಿನ್ ಟ್ಯೂಬ್ (ಒಂದರೊಳಗೊಂದು ಎರಡು ಕೊಳವೆಯ) ಶಾಕ್ ಗೋದಾಮಿನಲ್ಲಿ ಮಲಗಿಸಿಟ್ಟದ್ದಾದರೆ ಒಳಕೊಳವೆಗೆ ಗಾಳಿ ಸೇರಿರುತ್ತದೆ. ಹಾಕುವ ಮೊದಲು ನೆಟ್ಟಗೆ ಹಿಡಿದು ನಾಲ್ಕೈದು ಬಾರಿ ಪೂರ್ತಿ ಒತ್ತಿ, ಪೂರ್ತಿ ಎಳೆದು, ನಡುವೆ ಸಡಿಲ ಸಿಗುವುದು ನಿಂತ ಮೇಲೆ ಜೋಡಿಸಬೇಕು. ಗ್ಯಾಸ್ ತುಂಬಿದ ಶಾಕ್ ಚಾಚಿಕೊಳ್ಳದಂತೆ ಕಟ್ಟಿರುವ ಪಟ್ಟಿಯನ್ನು ಒಂದು ತುದಿ ಮೌಂಟಿಗೆ ಸೇರಿಸುವವರೆಗೆ ಕತ್ತರಿಸಬೇಡಿ. ಮೇಲಿನ ನಟ್ಟು ಬಿಗಿಮಾಡುವಾಗ ರಾಡ್ ಜೊತೆಗೇ ತಿರುಗುತ್ತದೆಂದು ಪ್ಲೈಯರ್‌ನಿಂದ ಹೊಳಪಿನ ರಾಡನ್ನೇ ಕಚ್ಚಿ ಹಿಡಿಯುವುದನ್ನು ಎಷ್ಟೋ ಕಡೆ ಕಾಣಬಹುದು. ಕಣ್ಣಿಗೆ ಕಾಣದಷ್ಟು ಗೀರು ಬಿದ್ದರೂ ಸಾಕು, ಅದು ಸೀಲನ್ನು ಕೊಯ್ದು ಹೊಸ ಶಾಕ್ ಎಣ್ಣೆ ಕಾರಲು ಶುರುಮಾಡುತ್ತದೆ. ತಪ್ಪು ಶಾಕ್ ಕಂಪನಿಯ ತಲೆಗೆ ಬರುತ್ತದೆ. ರಾಡ್‌ನ ತುದಿಯಲ್ಲಿ ಹಿಡಿಯಲೆಂದೇ ಚಪ್ಪಟೆ ಭಾಗವನ್ನೋ ಆಲನ್ ಕೀ ತೂತನ್ನೋ ಕೊಟ್ಟಿರುತ್ತಾರೆ, ಅದನ್ನೇ ಬಳಸಬೇಕು.

ಈಗ ಬುಷ್, ಅಂದರೆ ಬೋಲ್ಟ್ ಹಾಯುವ ಕೀಲಿನ ರಬ್ಬರ್ ತುಂಡು. ಇಡೀ ಕೆಲಸದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳಿ ಎಂದರೆ ನಾವು ಹೇಳುವುದು ಇದನ್ನೇ. ಆರ್ಮ್ (ಹೌಸಿಂಗನ್ನು ಚಾಸಿಗೆ ಹಿಡಿದಿಡುವ ಉದ್ದನೆಯ ಕಂಬಿ), ಪ್ಯಾನ್‌ಹಾರ್ಡ್ ರಾಡ್, ಶಾಕ್‌ನ ಕೆಳಗಣ್ಣು ಇವುಗಳ ರಬ್ಬರ್ ಬುಷ್ ಒಳಗಿನ ಕಬ್ಬಿಣದ ಕೊಳವೆ ಬೋಲ್ಟ್ ಬಿಗಿಯಾದಾಗ ಬ್ರಾಕೆಟ್ಟಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಚಕ್ರ ಏರಿದರೂ ಇಳಿದರೂ ತಿರುಚಿಕೊಳ್ಳುವುದು ರಬ್ಬರ್ ಮಾತ್ರ. ಗಾಡಿ ಸ್ಟ್ಯಾಂಡ್ ಮೇಲೆ ತೂಗಾಡುತ್ತಿರುವಾಗ ಬಿಗಿಮಾಡಿಬಿಟ್ಟರೆ, ಚಕ್ರ ನೆಲಕ್ಕೆ ಬಂದ ಗಳಿಗೆಯಿಂದಲೇ ಆ ರಬ್ಬರ್ ತಿರುಚಿಕೊಂಡ ಸ್ಥಿತಿಯಲ್ಲೇ ಇರುತ್ತದೆ. ಕೆಲವೇ ತಿಂಗಳಲ್ಲಿ ಬುಷ್ ಹರಿಯುತ್ತದೆ. ಅದಕ್ಕಿಂತ ಮೊದಲು ಗಾಡಿಯನ್ನು ಹುಸಿ ಎತ್ತರದಲ್ಲಿ ನಿಲ್ಲಿಸಿ ಅಲೈನ್‌ಮೆಂಟ್ ಲೆಕ್ಕವನ್ನೂ ಕೆಡಿಸಿರುತ್ತದೆ. ಆದ್ದರಿಂದ ಮೇಲಿರುವಾಗ ನಟ್ಟುಗಳನ್ನು ಕೈಬಿಗಿಯಲ್ಲಿ ಬಿಟ್ಟು, ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ನಾಲ್ಕಾರು ಸಲ ಒತ್ತಿ ಕುಲುಕಿ, ಸ್ವಲ್ಪ ಹಿಂದೆ ಮುಂದೆ ಓಡಿಸಿ, ಅದೇ ಎತ್ತರದಲ್ಲಿ ಟಾರ್ಕ್ ರೆಂಚ್ ಹಾಕಿ ಕಂಪನಿ ಮ್ಯಾನ್ಯುಯಲ್ ಹೇಳಿದ ಅಳತೆಗೆ ಬಿಗಿಮಾಡಬೇಕು. ಇದಕ್ಕೆ ಹಿಡಿಯುವುದು ಅರ್ಧ ಗಂಟೆ. ಇಂಪ್ಯಾಕ್ಟ್ ಗನ್‌ನಲ್ಲಿ ‘ಟರ್ರ್’ ಎನಿಸಿ ಮುಗಿಸುವ ಕೆಲಸವಲ್ಲ ಇದು.

ಎತ್ತರ ಬಂದ ಮೇಲೆ ಕೋನಗಳು ಬದಲಾಗುತ್ತವೆ. ಹೌಸಿಂಗನ್ನು ಹಿಡಿದಿರುವ ಆರ್ಮ್ 900 ಮಿ.ಮೀ. ಉದ್ದವಿದೆ ಎಂದುಕೊಳ್ಳಿ, ತುದಿ 50 ಮಿ.ಮೀ. ಕೆಳಗಿಳಿದರೆ ಹೌಸಿಂಗ್ ಮೂರು ಡಿಗ್ರಿಗೂ ಚೂರು ಹೆಚ್ಚು ತಿರುಗುತ್ತದೆ. ಆರ್ಮ್ ಇನ್ನೂ ಗಿಡ್ಡವಿದ್ದರೆ ಇನ್ನೂ ಹೆಚ್ಚು. ಅಷ್ಟೂ ಕ್ಯಾಸ್ಟರ್‌ನಿಂದಲೇ ಕಳೆಯುತ್ತದೆ. ಕ್ಯಾಸ್ಟರ್ ಕಡಿಮೆಯಾದರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ನೈಸ್ ರಸ್ತೆಯಲ್ಲಿ ವೇಗ ಹಿಡಿದಾಗ ಗಾಡಿ ಅತ್ತಿತ್ತ ಅಲೆಯುತ್ತದೆ. ಇದಕ್ಕೆ ಮದ್ದು ಓರೆ ತೂತಿನ ಕ್ಯಾಸ್ಟರ್ ಬುಷ್, ಇಲ್ಲವೇ ತಿದ್ದಿದ ಆರ್ಮ್. ಪ್ಯಾನ್‌ಹಾರ್ಡ್ ರಾಡ್‌ನ ಕಥೆಯೂ ಹೀಗೇ. 800 ಮಿ.ಮೀ. ರಾಡ್‌ನ ಚಾಸಿ ತುದಿ ಮೊದಲೇ 60 ಮಿ.ಮೀ. ಮೇಲಿದ್ದು, ಲಿಫ್ಟ್‌ನಿಂದ ಇನ್ನೂ 50 ಏರಿದರೆ ಹೌಸಿಂಗ್ ಸುಮಾರು 5 ಮಿ.ಮೀ. ಒಂದು ಪಕ್ಕಕ್ಕೆ ಸರಿಯುತ್ತದೆ. ಉದ್ದ ಹೊಂದಿಸಬಹುದಾದ ರಾಡ್ ಹಾಕಿ ಅದನ್ನು ನಡುವಿಗೆ ತರಬೇಕು.

ಸ್ಟೀರಿಂಗ್ ಚಕ್ರ ಓರೆಯಾಗಿ ನಿಂತರೆ ಡ್ರ್ಯಾಗ್ ಲಿಂಕ್‌ನ (ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಕಂಬಿಯ) ಹೊಂದಿಕೆಯಲ್ಲಿ ಸರಿಮಾಡಬೇಕು. ಸ್ಟೀರಿಂಗ್ ಚಕ್ರವನ್ನೇ ಕಿತ್ತು ಒಂದು ಹಲ್ಲು ತಿರುಗಿಸಿ ಕೂರಿಸುವ ಸುಲಭದ ದಾರಿ ಹಿಡಿದರೆ, ಇಎಸ್‌ಪಿ (ಗಾಡಿ ಜಾರದಂತೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಕೋನದ ಸೆನ್ಸರ್ ಮತ್ತು ನಿಜವಾದ ದಿಕ್ಕಿಗೆ ತಾಳೆ ತಪ್ಪಿ, ಬೇಡದ ಹೊತ್ತಿನಲ್ಲಿ ಒಂದು ಚಕ್ರಕ್ಕೆ ಬ್ರೇಕ್ ಬೀಳಬಹುದು. ಅಲೈನ್‌ಮೆಂಟ್ ಮುಗಿದ ಮೇಲೆ ಸ್ಕ್ಯಾನರ್ ಹಾಕಿ ಸೆನ್ಸರ್‌ನ ಸೊನ್ನೆಯನ್ನೂ ನೋಡಿಸಿಕೊಳ್ಳಿ. ವೇಗದಲ್ಲಿ ಒಂದು ಗುಂಡಿ ಬಡಿದ ಮೇಲೆ ಸ್ಟೀರಿಂಗ್ ಗಡಗಡ ನಡುಗಿದರೆ, ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕಿಸಿಕೊಂಡು ಸುಮ್ಮನಾಗುವುದು ಸಲ್ಲದು. ನಡುಕದ ಮೂಲ ಸವೆದ ಕಿಂಗ್‌ಪಿನ್ (ಸ್ಟೀರಿಂಗ್‌ಗೆ ಚಕ್ರ ತಿರುಗುವ ಕೀಲಿನ) ಬೇರಿಂಗ್, ಪ್ಯಾನ್‌ಹಾರ್ಡ್ ಬುಷ್‌ನ ಸಡಿಲ, ಕಡಿಮೆ ಕ್ಯಾಸ್ಟರ್ ಅಥವಾ ಬ್ಯಾಲೆನ್ಸ್ ತಪ್ಪಿದ ಟೈರ್‌ನಲ್ಲಿರುತ್ತದೆ. ಡ್ಯಾಂಪರ್ ಅದನ್ನು ಮುಚ್ಚಿಡುತ್ತದೆ, ಅಷ್ಟೇ.

2020ರ ನಂತರದ ಥಾರ್‌ನಲ್ಲಿ ಮುಂದೆ ಹೌಸಿಂಗ್ ಇಲ್ಲ. ಎರಡು ವಿಶ್‌ಬೋನ್ (ಕವಲಿನಾಕಾರದ ಆರ್ಮ್) ನಡುವೆ ಸ್ಪ್ರಿಂಗ್ ಮತ್ತು ಶಾಕ್ ಒಂದರೊಳಗೊಂದು ಕೂತಿರುತ್ತವೆ. ಇಲ್ಲಿ ಮೇಲಿಂದ ಸ್ಪೇಸರ್ ಇಡುವ ಚಾಳಿ ಹೆಚ್ಚು, ಲೆಕ್ಕ ತಪ್ಪುವುದೂ ಹೆಚ್ಚು. ಶಾಕ್‌ನ ಬುಡ ಕೆಳಗಿನ ಆರ್ಮ್‌ನ ಉದ್ದದ ಮೂರರಲ್ಲಿ ಎರಡು ಪಾಲಿನಲ್ಲಿದ್ದರೆ, 30 ಮಿ.ಮೀ. ಸ್ಪೇಸರ್ ಚಕ್ರದ ಬಳಿ 45 ಆಗುತ್ತದೆ. 50 ಮಿ.ಮೀ. ಎತ್ತರಕ್ಕೆ 50 ಮಿ.ಮೀ. ಸ್ಪೇಸರ್ ಎಂದು ಹಾಕಿದವರಿಗೆ 75 ಬಂದು ಡ್ರೈವ್ ಶಾಫ್ಟ್ (ಚಕ್ರಕ್ಕೆ ಶಕ್ತಿ ಒಯ್ಯುವ ದಂಡ) ಕೋನ ಮೀರುತ್ತದೆ. ರಬ್ಬರ್ ಬೂಟ್ ಹರಿದು ಗ್ರೀಸ್ ಎರಚುತ್ತದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಕ್ ಟಕ್ ಸದ್ದು ಶುರುವಾಗುತ್ತದೆ. ಚಕ್ರ ಪೂರ್ತಿ ಇಳಿದಾಗ ಮೇಲಿನ ಆರ್ಮ್ ಸ್ಪ್ರಿಂಗಿಗೆ ತಾಗುತ್ತದೆಯೇ, ಬಾಲ್ ಜಾಯಿಂಟ್ ಕೊನೆ ಮುಟ್ಟುತ್ತದೆಯೇ ಎಂದು ನೋಡದೆ ಗಾಡಿ ಬಿಡಬಾರದು. ಇಂಥ ಶಾಕ್‌ನ ಮೇಲಿನ ನಡುನಟ್ಟನ್ನು ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಬಿಚ್ಚುವುದು ಪ್ರಾಣಕ್ಕೇ ಅಪಾಯ. ಅದರೊಳಗೆ ನೂರಾರು ಕೆ.ಜಿ. ಬಲ ಅದುಮಿಕೊಂಡು ಕೂತಿರುತ್ತದೆ. ಹಳೆಯ ಥಾರ್‌ನ ಮುಂದಿನ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಕಂಬಿ) ತಿರುಗಿಸಿ ಎತ್ತರಿಸುವುದು ಅಗ್ಗವೇನೋ ಹೌದು, ಆದರೆ ಚಕ್ರ ಕೆಳಗಿಳಿಯಲು ಇದ್ದ ಜಾಗವನ್ನೇ ಅದು ತಿಂದುಹಾಕುತ್ತದೆ.

ಕಮಾನು ಪಟ್ಟಿಯ (ಲೀಫ್ ಸ್ಪ್ರಿಂಗ್) ಗಾಡಿಗಳ ಬಗ್ಗೆ ಚುಟುಕಾಗಿ: ಶಾಕಲ್ (ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) 50 ಮಿ.ಮೀ. ಉದ್ದಮಾಡಿದರೆ ಏರುವುದು ಸುಮಾರು 25, ಜೊತೆಗೆ ಹೌಸಿಂಗ್ ತಿರುಗಿ ಕ್ಯಾಸ್ಟರೋ ಪಿನಿಯನ್ (ಡಿಫರೆನ್ಷಿಯಲ್‌ಗೆ ಶಕ್ತಿ ತರುವ ಗೇರು) ಕೋನವೋ ಬದಲಾಗುತ್ತದೆ. ಸ್ಟೀರಿಂಗ್ ಇರುವ ಮುಂದಿನ ಹೌಸಿಂಗಿಗೂ ಪಟ್ಟಿಗೂ ನಡುವೆ ಬ್ಲಾಕ್ ಇಟ್ಟು ಎತ್ತರಿಸುವುದು ಬೇಡವೇ ಬೇಡ. ಬಿಚ್ಚಿದ ಯು ಬೋಲ್ಟನ್ನು ಮತ್ತೆ ಹಾಕಬಾರದು, ಒಮ್ಮೆ ಬಿಗಿಯಾದಾಗಲೇ ಅದು ಎಳೆದುಕೊಂಡಿರುತ್ತದೆ. ಹೊಸದನ್ನು ಕರ್ಣಕ್ಕೆ ಕರ್ಣ ಬಿಗಿಮಾಡಿ, ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಟಾರ್ಕ್ ನೋಡಬೇಕು.

ಹೆಡ್‌ಲೈಟ್ ವಿಷಯ ಎದುರಿನವರಿಗೂ ಸಂಬಂಧಿಸಿದ್ದು. ಕೆಲಸಕ್ಕೆ ಮೊದಲು ಗಾಡಿಯನ್ನು ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ, ದೀಪದ ನಡುಮಟ್ಟಕ್ಕಿಂತ ಡಿಮ್ ಬೆಳಕಿನ ಗೆರೆ ಎಷ್ಟು ಕೆಳಗಿದೆ ಎಂದು ಗುರುತು ಮಾಡಿಕೊಳ್ಳಿ. ಲಿಫ್ಟ್ ಆದ ಮೇಲೂ ಅದೇ ಅಂತರ ಬರುವಂತೆ ಸ್ಕ್ರೂ ಇಳಿಸಬೇಕು. ಮುಂಭಾಗ ಹಿಂಭಾಗಕ್ಕಿಂತ ಹೆಚ್ಚು ಏರಿದ ಗಾಡಿಯ ಡಿಮ್ ಲೈಟು ಎದುರಿನ ಸ್ಕೂಟರ್ ಸವಾರನ ಕಣ್ಣಿಗೆ ನೇರ ಬಡಿಯುತ್ತದೆ.

ಕಾನೂನಿನ ಮಾತನ್ನೂ ಗ್ಯಾರೇಜುಗಳು ಹೇಳುವುದಿಲ್ಲ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ, ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ಹೇಳುತ್ತದೆ. ಹೊಣೆ ಮಾಲೀಕರದು. ಹಾಗಾಗಿ ಕಿಟ್ ಕೊಳ್ಳುವ ಮೊದಲೇ ಆರ್‌ಟಿಒ ಮತ್ತು ವಿಮಾ ಕಂಪನಿಯನ್ನು ಲಿಖಿತವಾಗಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಬೇಕು. ಹಾಳಾದ ಶಾಕ್ ಜಾಗಕ್ಕೆ ಕಂಪನಿಯ ಅದೇ ಅಳತೆಯ ಶಾಕ್ ಹಾಕುವುದು ದುರಸ್ತಿ. ಎತ್ತರಿಸುವುದು ಬೇರೆ ಮಾತು.

ನಗರದ ಗ್ಯಾರೇಜು ಮಾಲೀಕರಲ್ಲಿ ನಮ್ಮ ಕೋರಿಕೆ ಇಷ್ಟು: ಬಿಲ್ಲಿನ ಜೊತೆ ಒಂದು ಹಾಳೆ ಕೊಡಿ. ಅದರಲ್ಲಿ ನಾಲ್ಕೂ ಚಕ್ರಗಳ ಮೊದಲಿನ ಮತ್ತು ನಂತರದ ಎತ್ತರ, ಹೊಸ ಶಾಕ್‌ನ ಮುಚ್ಚಿದ ಹಾಗೂ ಚಾಚಿದ ಉದ್ದ, ಬಂಪ್ ಸ್ಟಾಪ್‌ಗೆ ಏನು ಮಾಡಿದಿರಿ, ಬ್ರೇಕ್ ಹೋಸ್ ಬದಲಿಸಿದಿರೋ ಬ್ರಾಕೆಟ್ ಇಳಿಸಿದಿರೋ ಎಂಬುದು ಇರಲಿ. ಅಲೈನ್‌ಮೆಂಟ್ ಯಂತ್ರದ ಪ್ರಿಂಟ್‌ನಲ್ಲಿ ಟೋ (ಮೇಲಿಂದ ನೋಡಿದಾಗ ಚಕ್ರಗಳು ಒಳಗೋ ಹೊರಗೋ ತಿರುಗಿರುವ ಅಳತೆ) ಮಾತ್ರ ಅಲ್ಲ, ಕ್ಯಾಸ್ಟರ್, ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಕೂಡ ಇರಲಿ. ಸಾರಿಗೆ ಇಲಾಖೆಯೂ ಇಂಥದೊಂದು ನಮೂನೆಯನ್ನು ಗೊತ್ತುಮಾಡಿದರೆ ತಪಾಸಣೆಗೆ ನಿಲ್ಲಿಸುವ ಅಧಿಕಾರಿಗೂ ಕೆಲಸ ಹಗುರ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರಿಗೂ ಆ ಹಾಳೆಯೇ ಆಧಾರ. ಅದಿಲ್ಲದ ಎತ್ತರದ ಗಾಡಿ ನೋಡಲು ಹೋದರೆ ಜಾಕಿ ಹಾಕಿಸಿ, ಚಕ್ರ ಇಳಿಬಿಟ್ಟು, ಸ್ಟೀರಿಂಗನ್ನು ಎರಡೂ ಕಡೆ ಕೊನೆವರೆಗೆ ತಿರುಗಿಸಿ ಬ್ರೇಕ್ ಹೋಸ್ ಬಿಗಿಯಾಗುತ್ತದೆಯೇ ನೋಡಿ. ಬುಷ್‌ಗಳ ಅಂಚಿನಲ್ಲಿ ಬಿರುಕು, ಡ್ರೈವ್ ಶಾಫ್ಟ್ ಬೂಟಿನ ಸುತ್ತ ಗ್ರೀಸ್, ಮುಂದಿನ ಟೈರಿನ ಒಂದೇ ಅಂಚಿನ ಸವೆತ, ಬೇರೆಲ್ಲ ಹಳತಾಗಿದ್ದು ಸ್ಟೀರಿಂಗ್ ಡ್ಯಾಂಪರ್ ಮಾತ್ರ ಹೊಸದಾಗಿರುವುದು, ಇವುಗಳಲ್ಲಿ ಎರಡು ಕಂಡರೂ ಮುಂದಿನ ಸಸ್ಪೆನ್ಷನ್ ಪೂರ್ತಿ ಮತ್ತೆ ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ.

ಇಂತಿ,
ಸಸ್ಪೆನ್ಷನ್ ಕೆಲಸ ಬಲ್ಲ ಕೆಲವು ಓದುಗರು
ವಿಲ್ಸನ್ ಗಾರ್ಡನ್, ಬೆಂಗಳೂರು